ಹಳೆಯ ಮನೆಯಲ್ಲೊಂದು ಸದ್ದಿಲ್ಲದ ಕೆಫೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬೆಟಗೇರಿಯ ನೇಕಾರರ ಓಣಿಯಲ್ಲಿ ನಮ್ಮ ಅಜ್ಜ ಕಟ್ಟಿಸಿದ ಮಣ್ಣಿನ ಗೋಡೆಯ ಮನೆಯೊಂದಿದೆ. ಮುಂಭಾಗ ಕಿರಿದು, ಒಳಗೆ ಬಹಳ ಉದ್ದ. ಮಗ್ಗ ನಿಂತಮೇಲೆ ಅದು ಖಾಲಿ ಬಿದ್ದಿದೆ. ಜಪಾನಿನ ಕ್ಯೋಟೋದಲ್ಲಿ ಇಂಥ ಮನೆಗಳನ್ನು ದುರಸ್ತಿ ಮಾಡಿ ಪ್ರಶಾಂತವಾದ ಕೆಫೆಗಳನ್ನು ನಡೆಸುತ್ತಾರೆಂದು ಮಗಳು ಹೇಳುತ್ತಾಳೆ. ಪೇಟೆಯ ನಡುವೆ ಅದು ಹೇಗೆ ಸಾಧ್ಯ? ನಮ್ಮ ಮನೆಗೂ ಒಗ್ಗೀತೆ?
– ಓದುಗರೊಬ್ಬರು, ಗದಗ-ಬೆಟಗೇರಿ

ಉತ್ತರ: ಅಲ್ಲಿ ಮಾಚಿಯಾ ಎಂದು ಕರೆಯುವ ಈ ಕಟ್ಟಿಗೆಯ ಮನೆಗಳಲ್ಲಿ ವ್ಯಾಪಾರಿಗಳೂ ಕುಶಲಕರ್ಮಿಗಳೂ ವಾಸ ಮತ್ತು ಕಸುಬು ಎರಡನ್ನೂ ಒಂದೇ ಸೂರಿನಡಿ ನಡೆಸುತ್ತಿದ್ದರು, ಕ್ಯೋಟೋದ ನಿಶಿಜಿನ್ ನೇಕಾರರ ಮಗ್ಗಗಳೂ ಮನೆಯೊಳಗೇ ಇದ್ದವು. 1864ರ ಬೆಂಕಿಯಲ್ಲಿ ನಗರದ ಬಹುಭಾಗ ಸುಟ್ಟುಹೋದ ಕಾರಣ, ಈಗ ಉಳಿದಿರುವ ಹೆಚ್ಚಿನವು ಅನಂತರ ಕಟ್ಟಿದವು. 1950ರ ಕಟ್ಟಡ ಕಾಯ್ದೆಯ ಪ್ರಕಾರ ಅದೇ ರೀತಿಯಲ್ಲಿ ಹೊಸ ಮನೆ ಕಟ್ಟುವುದು ಸಾಧ್ಯವಾಗದ್ದರಿಂದ, ಇದ್ದದ್ದನ್ನು ದುಡಿಸಿಕೊಂಡು ಉಳಿಸುವ ದಾರಿಗಳಲ್ಲಿ ಕೆಫೆಯೂ ಒಂದಾಯಿತು.

ನಿಶ್ಶಬ್ದದ ಮೂಲ ಅಲಂಕಾರದಲ್ಲಿಲ್ಲ, ಮನೆಯ ಉದ್ದದಲ್ಲಿದೆ. ಬೀದಿಗೆ ಅಂಟಿಕೊಂಡು ಅಂಗಡಿಯ ಕೋಣೆ, ಅದರ ಹಿಂದೆ ಒಂದಾದಮೇಲೊಂದು ಕೋಣೆ, ನಡುವೆ ಗಾಳಿ-ಬೆಳಕಿಗಾಗಿ ಬಿಟ್ಟ ಪುಟ್ಟ ತೋಟದಂಗಳ, ಪಕ್ಕದಲ್ಲಿ ಹೊಗೆ ಮೇಲೇರಿ ಹೋಗಲೆಂದು ಮಾಡಿನವರೆಗೂ ತೆರೆದಿಟ್ಟ ಅಡುಗೆಯ ಓಣಿ ಎಂಬ ಈ ಕ್ರಮದಿಂದಾಗಿ ಹಿಂದಿನ ಕೋಣೆಯಲ್ಲಿ ಕುಳಿತವರಿಗೆ ಬೀದಿಯ ಗದ್ದಲ ಅಷ್ಟಾಗಿ ತಲುಪುವುದಿಲ್ಲ. ಕಾಗದ ಹಚ್ಚಿದ ಜಾರುಬಾಗಿಲು ಸದ್ದನ್ನು ತಡೆಯಲಾರದು. ಪಕ್ಕದವರಿಗೆ ಎಲ್ಲವೂ ಕೇಳಿಸುತ್ತದೆಂಬ ಅರಿವಿನಿಂದ ಬಂದವರೇ ದನಿ ತಗ್ಗಿಸುತ್ತಾರೆಂದು ನನ್ನ ಊಹೆ. ಪಾದರಕ್ಷೆ ಕಳಚಿ ತತಾಮಿ ಚಾಪೆಯ ಮೇಲೆ ನಡೆಯುವುದರಿಂದ ಹೆಜ್ಜೆಯ ಸಪ್ಪಳವೂ ಇಲ್ಲ. ಆದರೆ ಹಳೆಯ ಮನೆಯಾದ ಮಾತ್ರಕ್ಕೆ ಶಾಂತಿ ಸಿಗುವುದಿಲ್ಲ: 2017ರಲ್ಲಿ ನಿನೆನ್‌ಜಾಕಾ ಬೀದಿಯ ಶತಮಾನ ದಾಟಿದ ಮನೆಯಲ್ಲಿ ತೆರೆದ ಸ್ಟಾರ್‌ಬಕ್ಸ್‌ನಲ್ಲಿ ತತಾಮಿ ಕೋಣೆಗಳಿದ್ದರೂ ಪ್ರವಾಸಿಗರ ದಟ್ಟಣೆಯ ಆ ಜಾಗವನ್ನು ನಾನು ನಿಮಗೆ ಮಾದರಿಯೆನ್ನಲಾರೆ.

ನಿಮ್ಮ ಮನೆಗೆ ಒಂದು ಅನುಕೂಲ ಹೆಚ್ಚೇ ಇದೆ. ದಪ್ಪ ಮಣ್ಣಿನ ಗೋಡೆ ತಡೆಯುವಷ್ಟು ಸದ್ದನ್ನು ಕ್ಯೋಟೋದ ತೆಳುಗೋಡೆ ತಡೆಯದು. ಆ ಗೋಡೆಗೆ ಸಿಮೆಂಟ್ ಗಿಲಾವು ಮಾತ್ರ ಹಚ್ಚಿಸಬೇಡಿ. ತೇವ ಒಳಗೇ ಉಳಿದು ಮಣ್ಣು ಸಡಿಲವಾಗುತ್ತದೆ, ಸುಣ್ಣದ ಇಲ್ಲವೆ ಮಣ್ಣಿನ ಗಿಲಾವೇ ಸರಿ. ತೊಲೆಗಳು ಗೋಡೆಯೊಳಗೆ ಸೇರುವ ತುದಿಗಳನ್ನು ಗೆದ್ದಲಿಗಾಗಿ ಮೊದಲು ಪರೀಕ್ಷಿಸಿ, ಮಾಳಿಗೆಯ ಭಾರವನ್ನು ಎಂಜಿನಿಯರರೊಬ್ಬರಿಗೆ ತೋರಿಸಿ. ಬೆಳಕಿಂಡಿಯನ್ನು ಮುಚ್ಚಬೇಡಿ. ನುಣುಪಾದ ಟೈಲ್ಸ್ ಹಾಸಿದರೆ ಮಾತು ಮಾರ್ದನಿಸುತ್ತದೆ; ನವಲಗುಂದದ ಜಮಖಾನ ಹಾಸಿದರೆ ಸದ್ದು ಅಡಗುತ್ತದೆ, ನಮ್ಮ ಜಿಲ್ಲೆಗಳ ಕೈಕಸುಬಿಗೂ ಒಂದಿಷ್ಟು ಗಿರಾಕಿಯಾಗುತ್ತದೆ. ಮಿಕ್ಸರ್ ಹಿತ್ತಲಿಗೆ ಹೋಗಲಿ. ನಮ್ಮವರಿಗೆ ಚಹಾದ ಜೊತೆ ಹರಟೆ ಬೇಕೇಬೇಕಾದ್ದರಿಂದ ಕಟ್ಟೆ ಮತ್ತು ಪಡಸಾಲೆಯನ್ನು ಅವರಿಗೆ ಬಿಟ್ಟು, ಮಗ್ಗವಿದ್ದ ಒಳಕೋಣೆಯಲ್ಲಿ ಮಾತ್ರ ಕೆಲವೇ ಆಸನಗಳನ್ನಿಟ್ಟು ಮೌನ ಕೇಳಿಕೊಳ್ಳುವುದು ಜಾಣತನ. ನಗರಸಭೆಯ ವ್ಯಾಪಾರ ಪರವಾನಗಿ ಮತ್ತು ಆಹಾರ ಸುರಕ್ಷತಾ ನೋಂದಣಿ ಬೇಕೆಂಬುದನ್ನು ಮರೆಯದಿರಿ.

ಪ್ರಶ್ನೆ: ಕ್ಯೋಟೋಗೆ ಹೋಗಲಿದ್ದೇನೆ. ಮಂಡಿನೋವಿದೆ. ಇಂಥ ಕೆಫೆಗಳಲ್ಲಿ ಕೂರುವುದು ಕಷ್ಟವಾದೀತೆ?
– ನಿವೃತ್ತ ಶಿಕ್ಷಕಿ, ಧಾರವಾಡ

ಉತ್ತರ: ಮೊಣಕಾಲು ಮಡಚಿ ಕೂರಲೇಬೇಕೆಂಬ ಕಡ್ಡಾಯವಿಲ್ಲ. ಅನೇಕ ಕಡೆ ಕುರ್ಚಿಗಳಿರುತ್ತವೆ. ಕೆಲವೆಡೆ ಮೇಜಿನ ಕೆಳಗೆ ನೆಲವನ್ನು ತಗ್ಗಿಸಿರುವುದರಿಂದ ಕಾಲು ಇಳಿಬಿಟ್ಟು ಕೂರಬಹುದು. ಮೇಲಂತಸ್ತಿನ ಮೆಟ್ಟಿಲು ಮಾತ್ರ ಬಹಳ ಕಡಿದಾಗಿರುತ್ತದೆ, ಕೆಳಗಿನ ಕೋಣೆಯನ್ನೇ ಕೇಳಿರಿ. ಸುಲಭವಾಗಿ ಕಳಚಬಹುದಾದ ಪಾದರಕ್ಷೆಯಿರಲಿ, ಫೋಟೊ ತೆಗೆಯುವ ಮೊದಲು ಅನುಮತಿ ಕೇಳಿರಿ. ಟಿಪ್ಸ್ ಕೊಡುವ ರೂಢಿ ಅಲ್ಲಿಲ್ಲ.