ರೆಕಾರ್ಡ್ ಪುಸ್ತಕದ ಆ ಪುಟ

ಪ್ರಶ್ನೆ: ಅಕ್ಕಾ, ನನಗೆ 17 ವರ್ಷ, ದ್ವಿತೀಯ ಪಿಯುಸಿ. ನನಗೆ ಜ್ವರ ಬಂದಾಗ ಜೀವಶಾಸ್ತ್ರದ ರೆಕಾರ್ಡಿನಲ್ಲಿ ದಾಸವಾಳ ಹೂವಿನ ಚಿತ್ರವನ್ನು ಗೆಳತಿಯೇ ಬಿಡಿಸಿಕೊಟ್ಟಳು. ದಿನವೂ ರಾತ್ರಿ ಆ ಪುಟ ತೆಗೆದು ನೋಡುತ್ತೇನೆ. ಬಸ್ಸಿನಲ್ಲಿ ಅವಳು ಬೇರೆಯವರ ಪಕ್ಕ ಕುಳಿತರೆ ನನಗೆ ಊಟ ಸೇರುವುದಿಲ್ಲ. ಇದು ಬರೀ ಸ್ನೇಹವಲ್ಲ. ದೊಡ್ಡಮ್ಮನ ಮಗಳೊಬ್ಬಳಿಗೆ ಹೇಳಿದೆ. ‘ಇದು ಕಾಯಿಲೆ, ಡಾಕ್ಟರಿಗೆ ತೋರಿಸು, ಮದುವೆಯಾದರೆ ಸರಿಹೋಗುತ್ತದೆ’ ಎಂದಳು. ಅಮ್ಮನಿಗೆ ಹೇಳಲೇ? ಆ ಪುಟ ಹರಿದುಹಾಕಲೇ?
– ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ಹರಿಯಬೇಡ ಮಗಳೇ. ದಾಸವಾಳದ ಆ ಸಾಲನ್ನು ನಾನು ನಾಲ್ಕು ಸಲ ಓದಿದೆ. ನಿನಗೆ ಆಗಿರುವುದು ಪ್ರೀತಿ.

ಇದು ಕಾಯಿಲೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೇ ಸಲಿಂಗ ಪ್ರೀತಿಯನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ‘ಬದಲಾಯಿಸುತ್ತೇನೆ’ ಎಂದು ಚಿಕಿತ್ಸೆ ಕೊಡುವುದು ವೃತ್ತಿಗೆ ಸಲ್ಲದ ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ವಯಸ್ಕರು ಪರಸ್ಪರ ಒಪ್ಪಿ ಇಟ್ಟುಕೊಂಡ ಸಲಿಂಗ ಸಂಬಂಧ ಅಪರಾಧವಲ್ಲ ಎಂಬುದು 2018ರ ಸೆಪ್ಟೆಂಬರ್ 6ರ ಸುಪ್ರೀಂ ಕೋರ್ಟ್ ತೀರ್ಪು.

ಮದುವೆಯಾದರೆ ಸರಿಹೋಗುತ್ತದೆ ಎಂಬ ಮಾತಿಗೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಹಾಗೆ ನಂಬಿ ತಾಳಿ ಕಟ್ಟಿಸಿಕೊಂಡ ಹೆಂಗಸರು ಐವತ್ತು ದಾಟಿದ ಮೇಲೆ ನನಗೆ ಪತ್ರ ಬರೆಯುತ್ತಾರೆ. ಮಕ್ಕಳು ಮಲಗಿದ ಮೇಲೆ ಅಡುಗೆಮನೆಯಲ್ಲಿ ಕುಳಿತು ಬರೆದ ಪತ್ರಗಳು. ಏನೂ ಸರಿಹೋಗಿರುವುದಿಲ್ಲ, ಗಂಡನೂ ನೊಂದಿರುತ್ತಾನೆ, ಪಾಪ.

ಅಮ್ಮನಿಗೆ ಹೇಳಲು ಅವಸರ ಬೇಡ. ಓದು ಬಿಡಿಸುತ್ತಾರೆ, ಗಂಡು ಹುಡುಕುತ್ತಾರೆ ಎಂಬ ಭಯವಿದ್ದರೆ ನಿನ್ನ ಕಾಲ ಮೇಲೆ ನಿಲ್ಲುವವರೆಗೆ ಕಾಯುವುದರಲ್ಲಿ ಯಾವ ಮೋಸವೂ ಇಲ್ಲ. ಇದನ್ನು ಯಾರಿಗೂ ಹೇಳಬೇಡವೆಂದು ದೊಡ್ಡಮ್ಮನ ಮಗಳನ್ನೂ ಕೇಳಿಕೋ. ಎದೆ ಭಾರವಾದಾಗ 14416ಕ್ಕೆ ಕರೆ ಮಾಡು. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಹದಿನೆಂಟು ತುಂಬುವ ಮೊದಲೇ ಮದುವೆಯ ಮಾತು ಬಲವಾದರೆ ಮಕ್ಕಳ ಸಹಾಯವಾಣಿ 1098 ಇದೆ.

ಇನ್ನು ಅವಳು. ನಿನ್ನ ಪತ್ರದ ತುಂಬ ಅವಳೇ ಇದ್ದಾಳೆ, ಅವಳ ಮನಸ್ಸಿನಲ್ಲಿ ಏನಿದೆ ಎಂಬುದು ಮಾತ್ರ ಇಲ್ಲ. ಚಿತ್ರ ಬಿಡಿಸಿಕೊಟ್ಟದ್ದು ಬರೀ ಸ್ನೇಹಕ್ಕೂ ಇರಬಹುದು. ಪರೀಕ್ಷೆ ಮುಗಿದ ಮೇಲೆ, ಧೈರ್ಯ ಬಂದ ದಿನ, ಅವಳೊಬ್ಬಳೇ ಇರುವಾಗ ಹೇಳು. ಒಲ್ಲೆ ಎಂದರೆ ಒತ್ತಾಯಿಸಬೇಡ. ಅವಳು ಏನೆಂದರೂ ನನಗೆ ಬರೆ, ಕಾಯುತ್ತಿರುತ್ತೇನೆ.