ಪೋನಿಯನ್ನು ಕೈಯಲ್ಲಿ ಹಿಡಿದು ತೋರಿಸಲು ಯಾವ ಪಟ್ಟಿ, ಯಾವ ಹಗ್ಗ?

ಪ್ರಶ್ನೆ: ನಮ್ಮ ಹೆಣ್ಣು ಪೋನಿಗೆ (ಚಿಕ್ಕ ಜಾತಿಯ ಕುದುರೆ) ಎರಡು ವರ್ಷ, ಎತ್ತರ 48 ಇಂಚು. ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ಸವಾರಿಯಿಲ್ಲದೆ ಕೈಯಲ್ಲಿ ಹಿಡಿದು ತೋರಿಸುವ ವಿಭಾಗಕ್ಕೆ ಹೆಸರು ಕೊಟ್ಟಿದ್ದೇವೆ. ಕಡಿವಾಣ ಬೇಕೇ ಬೇಕೇ? ಮನೆಯಲ್ಲಿರುವ ನೈಲಾನ್ ಮುಖಪಟ್ಟಿ, ಗೊಂಡೆ, ಗೆಜ್ಜೆ ಆಗುವುದಿಲ್ಲವೇ?
– ಓದುಗರು, ಕುಣಿಗಲ್

ಉತ್ತರ: ಮೊದಲು ಪ್ರದರ್ಶನದವರ ನಿಯಮದ ಹಾಳೆ ತರಿಸಿ ನೋಡಿ. ಬಲಿತ ಗಂಡು ಕುದುರೆಗೆ ಕಡಿವಾಣ ಕಡ್ಡಾಯ ಮಾಡುವವರಿದ್ದಾರೆ. ನಿಮ್ಮ ಮರಿಗೆ ನಿಯಮ ಕೇಳದಿದ್ದರೆ ಹಾಕಬೇಡಿ. ಎರಡೂವರೆ ವರ್ಷದ ಹೊತ್ತಿಗೆ ಮುಂದಿನ ಹಾಲುಹಲ್ಲು ಉದುರಿ ಹೊಸ ಹಲ್ಲು ಬರುತ್ತದೆ, ಮೊದಲ ದವಡೆಹಲ್ಲೂ ಆಗಲೇ ಬದಲಾಗುತ್ತದೆ. ಬಾಯಿ ನೋಯುತ್ತಿರುವಾಗ ಕಬ್ಬಿಣ ಹಾಕಿದರೆ ತಲೆ ಎತ್ತಿ ಕೊಡವುತ್ತದೆ; ಆ ಅಭ್ಯಾಸ ಮುಂದೆ ಸವಾರಿಗೂ ತೊಂದರೆ. ಥರೋಬ್ರೆಡ್ ಎಂಬ ರೇಸಿನ ಕುದುರೆಗಳನ್ನು ಹಿಡಿಯುವ ದುಂಡು ಬಳೆಯಂಥ ಕಡಿವಾಣ ನಿಮ್ಮೂರಿನಲ್ಲಿ ಕಣ್ಣಿಗೆ ಬಿದ್ದರೂ ಅದನ್ನು ನೋಡಿ ಆಸೆಪಡಬೇಡಿ. ಮುಂಗಾಲೆತ್ತಿ ನಿಲ್ಲುವ ಕುದುರೆಯನ್ನು ತಡೆಯುವುದಕ್ಕೆ ಮಾಡಿದ್ದು ಅದು, ಒರಟು ಕೈಯಲ್ಲಿ ನಾಲಿಗೆಯನ್ನೂ ದವಡೆಯನ್ನೂ ಗಾಯ ಮಾಡುತ್ತದೆ.

ನಿಮಗೆ ಬೇಕಾದದ್ದು ಚರ್ಮದ ಹೆಡ್‌ಕಾಲರ್, ಅಂದರೆ ಕಡಿವಾಣವಿಲ್ಲದ ಮುಖಪಟ್ಟಿ. ನೈಲಾನ್ ಬೇಡ ಎನ್ನುವುದು ಅಂದಕ್ಕಾಗಿ ಮಾತ್ರವಲ್ಲ: ಎಲ್ಲಾದರೂ ಸಿಕ್ಕಿಕೊಂಡಾಗ ಚರ್ಮ ಹರಿಯುತ್ತದೆ, ನೈಲಾನ್ ಹರಿಯದೆ ಪ್ರಾಣಿಯ ಕುತ್ತಿಗೆಗೆ ಬರುತ್ತದೆ. ಪೋನಿಯ ಮುಖ ಚಿಕ್ಕದು. ಅರ್ಧದಿಂದ ಮುಕ್ಕಾಲು ಇಂಚಿನ ಪಟ್ಟಿ ಸಾಕು. ಇನ್ನೂ ಅಗಲವಾದರೆ ಮುಖ ಮುಚ್ಚಿಹೋಗಿ ತಲೆ ಭಾರವಾಗಿ ಕಾಣುತ್ತದೆ. ಮುಖ ಉದ್ದ ಎನಿಸಿದರೆ ಮಾತ್ರ ಮೂಗುಪಟ್ಟಿ ಕೊಂಚ ಅಗಲವಿರಲಿ. ಕಂದು ಮೈಗೆ ಗಾಢ ಕಂದು ಚರ್ಮ, ಬಿಳಿ ಅಥವಾ ಕಪ್ಪು ಮೈಗೆ ಕಪ್ಪು ಚರ್ಮ ಒಪ್ಪುತ್ತದೆ.

ಅಳತೆಯಲ್ಲೇ ಹೆಚ್ಚಿನವರು ಎಡವುವುದು. ಮೂಗುಪಟ್ಟಿ ಕೆನ್ನೆಮೂಳೆಯ ಕೆಳಗೆ ಎರಡು ಬೆರಳು ಬಿಟ್ಟು ಕೂರಬೇಕು, ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಇನ್ನೂ ಕೆಳಗಿಳಿದರೆ ಮೂಳೆಯಿಲ್ಲದ ಮೆತ್ತನೆ ಜಾಗ ಒತ್ತಿ ಉಸಿರಾಟಕ್ಕೆ ಅಡ್ಡಿ. ಗಂಟಲಪಟ್ಟಿಯೊಳಗೆ ನಾಲ್ಕು ಬೆರಳು ಅಡ್ಡಲಾಗಿ ಹಿಡಿಸಬೇಕು. ಬಿಗಿದರೆ ಪೋನಿ ಕತ್ತು ಬಾಗಿಸುವುದಿಲ್ಲ, ತೀರಾ ಸಡಿಲವಾದರೆ ಹಿಂದೆಳೆದಾಗ ಪಟ್ಟಿಯೆಲ್ಲ ಕಿವಿ ದಾಟಿ ಕಳಚಿಬರುತ್ತದೆ. ಹಣೆಪಟ್ಟಿ ಇದ್ದರೆ ಕಿವಿಯ ಬುಡ ನೋಡಿ: ಚಿಕ್ಕದಾದ ಹಣೆಪಟ್ಟಿ ಕಿವಿಯ ಹಿಂದಿನ ತಲೆಪಟ್ಟಿಯನ್ನು ಮುಂದಕ್ಕೆಳೆದು ಅಲ್ಲಿ ಉಜ್ಜುತ್ತದೆ, ಪೋನಿ ತಲೆ ಕೊಡವುತ್ತಲೇ ಇರುತ್ತದೆ.

ಸಿದ್ಧಗಂಗೆ ಜಾತ್ರೆಯಲ್ಲಿ ಎತ್ತಿಗೆ ಗೊಂಡೆ, ಗೆಜ್ಜೆ ಕಟ್ಟುವುದು ಚೆಂದವೇ. ಇಲ್ಲಿ ತೀರ್ಪುಗಾರರು ಕಾಲು, ಮೂಳೆ, ನಡಿಗೆ ನೋಡುತ್ತಾರೆ. ಕಣ್ಣು ಬೇರೆಡೆಗೆ ಹೋಗುವಂಥದ್ದು ಬೇಡ.

ಹಗ್ಗ ಎಂಟರಿಂದ ಒಂಬತ್ತು ಅಡಿ, ಚರ್ಮ ಅಥವಾ ದಪ್ಪ ಹತ್ತಿಯದು. ಪೋನಿಯ ಎಡಕ್ಕೆ, ಭುಜದ ಬಳಿ ನಡೆಯಿರಿ. ಬಲಗೈ ಗಲ್ಲದಿಂದ ಒಂದಡಿ ಕೆಳಗೆ, ಉಳಿದ ಹಗ್ಗ ಮಡಚಿ ಎಡಗೈಯಲ್ಲಿ. ಕೈಗೆ ಸುತ್ತಿಕೊಳ್ಳಲೇಬೇಡಿ. ಬೆದರಿ ಓಡಿದರೆ ನಿಮ್ಮನ್ನೂ ಎಳೆದುಕೊಂಡು ಹೋಗುತ್ತದೆ.

ಪ್ರಶ್ನೆ: ಗಂಡು ಪೋನಿಗೆ ನಾಲ್ಕು ವರ್ಷ, ಕಡಿವಾಣ ಕಡ್ಡಾಯ ಎಂದಿದ್ದಾರೆ. ಹಗ್ಗವನ್ನು ಎಡಬದಿಯ ಬಳೆಗೆ ಸಿಕ್ಕಿಸಬಹುದೇ?
– ಓದುಗರು, ಶಿರಾ

ಉತ್ತರ: ಬೇಡ. ಎಳೆದಾಗ ಕಡಿವಾಣ ಬಾಯೊಳಗೆ ಅಡ್ಡಕ್ಕೆ ಜಾರಿ ಆಚೆ ಬದಿಯ ಬಳೆ ತುಟಿ ಒತ್ತುತ್ತದೆ. ಎರಡೂ ಬಳೆಗಳನ್ನು ಗಲ್ಲದ ಕೆಳಗೆ ಸೇರಿಸುವ ಚಿಕ್ಕ ಜೋಡುಪಟ್ಟಿ ಹಾಕಿ, ಅದರ ನಡುಬಳೆಗೆ ಹಗ್ಗ ಸಿಕ್ಕಿಸಿ. ಬಾಯಿಯ ಅಗಲವನ್ನು ದಾರದಿಂದ ಅಳೆದು, ಎರಡೂ ಬದಿ ಕಾಲು ಇಂಚು ಸೇರಿಸಿ ಕಡಿವಾಣ ಕೊಳ್ಳಿ. ಹೊಸ ಚರ್ಮ ಬಿರುಸಾಗಿರುತ್ತದೆ. ಪ್ರದರ್ಶನಕ್ಕೆ ಮೂರು ವಾರ ಮೊದಲೇ ತೆಳುವಾಗಿ ಎಣ್ಣೆ ಸವರಿ, ದಿನಕ್ಕೆ ಹತ್ತು ನಿಮಿಷ ಹಾಕಿ ನಡೆಸಿ. ಎಣ್ಣೆ ಹೆಚ್ಚಾದರೆ ಚರ್ಮ ಜಗ್ಗಿ ತೂತುಗಳು ಉದ್ದವಾಗುತ್ತವೆ. ಬೆವರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ನೆರಳಲ್ಲೇ ಒಣಗಿಸಿ.