ನೈಟ್ರೋ (ಮೆಥನಾಲ್ ಬೆರೆತ ಇಂಧನದ) ಆರ್‌ಸಿ, ಅಂದರೆ ರಿಮೋಟ್ ಕಂಟ್ರೋಲ್ ಕಾರಿನ ಇಂಜಿನ್ ಹತ್ತುತ್ತಿಲ್ಲ. ಗ್ಲೋ ಇಗ್ನೈಟರ್ ಎಷ್ಟು ಹೊತ್ತು ಇಡಬೇಕು?

ಇಂಜಿನ್ ಹತ್ತಿ ಸಮನಾಗಿ ಐಡಲ್ ಆಗುವವರೆಗೆ ಇಟ್ಟರೆ ಸಾಕು, ಆಮೇಲೆ ತೆಗೆದುಬಿಡಿ. ಇಂಜಿನ್ನಿನ ಮೇಲ್ಭಾಗದ ಗ್ಲೋ ಪ್ಲಗ್ಗಿನೊಳಗಿನ ಪ್ಲಾಟಿನಂ ಬೆರೆತ ಸುರುಳಿಯನ್ನು ಇಗ್ನೈಟರ್ ಮೊದಲು ಕಾಯಿಸಿಕೊಡುತ್ತದೆ ಅಷ್ಟೇ. ಆಮೇಲೆ ಉರಿಯುವ ಮೆಥನಾಲ್ ಮತ್ತು ಸಿಲಿಂಡರಿನ ಶಾಖವೇ ಅದನ್ನು ಕೆಂಪಗೆ ಇಡುತ್ತವೆ.

ಆದರೆ ಮೊದಲು ಇಗ್ನೈಟರನ್ನೇ ಪರೀಕ್ಷಿಸಿ. ಬೆಳಗಾವಿಯ ಡಿಸೆಂಬರ್ ಚಳಿ ಗೊತ್ತಲ್ವಾ? ಒಂದು ಬೆಳಿಗ್ಗೆ ಟಿಳಕವಾಡಿಯಲ್ಲಿ ಇಂಜಿನ್ ಹತ್ತಿಸುವ ಹಗ್ಗವನ್ನು ಅರ್ಧ ಗಂಟೆ ಎಳೆದೆ, ರಟ್ಟೆ ಸೋತಿತು. ಕೊನೆಗೆ ಪ್ಲಗ್ ಬಿಚ್ಚಿ ಇಗ್ನೈಟರಿಗೆ ಸಿಕ್ಕಿಸಿದರೆ ಸುರುಳಿ ಆರುವ ಕೆಂಡದ ಹಾಗೆ ಮಂಕಾಗಿತ್ತು. ಚಾರ್ಜ್ ಇಳಿದಿತ್ತು. ಸುರುಳಿ ಹೊಳೆಯುವ ಕಿತ್ತಳೆ ಬಣ್ಣಕ್ಕೆ ಬರಲೇಬೇಕು. ಇದಕ್ಕೆ 1.2ರಿಂದ 1.5 ವೋಲ್ಟ್ ಸಾಕು. ದಯವಿಟ್ಟು 12 ವೋಲ್ಟ್ ಬ್ಯಾಟರಿ ನೇರವಾಗಿ ಕೊಡಬೇಡಿ, ಸುರುಳಿ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಹಗ್ಗ ಬಿಗಿಯಾದರೆ ಜೋರು ಮಾಡಬೇಡಿ. ಸಿಲಿಂಡರಿನಲ್ಲಿ ಇಂಧನ ಜಾಸ್ತಿ ತುಂಬಿರುತ್ತದೆ. ಇಗ್ನೈಟರ್ ದೂರ ಇಟ್ಟು, ಪ್ಲಗ್ ಬಿಚ್ಚಿ, ಮೇಲೆ ಬಟ್ಟೆ ಹಿಡಿದು ನಾಲ್ಕೈದು ಸಲ ಎಳೆಯಿರಿ. ಇಂಧನ ಚಿಮ್ಮುತ್ತದೆ, ಕಣ್ಣು ಜೋಪಾನ. ಮೆಥನಾಲ್ ಉರಿ ಬಿಸಿಲಲ್ಲಿ ಕಾಣುವುದೇ ಕಷ್ಟ, ಹಾಗಾಗಿ ಕಾದ ಪ್ಲಗ್ ಹತ್ತಿರ ತರಲೇಬೇಡಿ.

ಇಗ್ನೈಟರ್ ತೆಗೆದ ತಕ್ಷಣ ಇಂಜಿನ್ ನಿಂತರೆ ಇನ್ನಷ್ಟು ಬಿಸಿಯಾಗಲು ಬಿಡಿ. ಆಗಲೂ ನಿಂತರೆ ಹೊಸ ಪ್ಲಗ್ ಹಾಕಿ ನೋಡಿ.